ಬಡಮಕ್ಕಳ ಬಂಧು

ಕೋರ್ಟಿನ ಅಮೀನನಾಗಿ ಜೀವನಾಂಶದ ನೋಟಿಸು ಎಷ್ಟೋ ಮುಟ್ಟಿಸಿದ್ದೇನೆ. ಕೊಟ್ಟೂರಿನ ಈ ಮಹಾಶಯ ಮಾತ್ರ ಮರೆಯುವುದಿಲ್ಲ. ಹೆಂಡತಿಯನ್ನು ಬಿಟ್ಟು ನಾಲ್ಕು ವರ್ಷ. ಮಗಳು ತಾಯಿಯ ಜೊತೆ ಹೊಸಹಳ್ಳಿಯಲ್ಲಿದ್ದಾಳೆ. ಅವನ ಮನೆಯೆದುರು ಆಳೆತ್ತರದ ಫ್ಲೆಕ್ಸು. ಅದರಲ್ಲಿ ಹೊಸಹಳ್ಳಿಯ ಶಾಲೆಮಕ್ಕಳಿಗೆ ನೋಟ್‌ಬುಕ್ ಹಂಚುತ್ತಾ ಹಲ್ಲು ಕಿರಿದಿದ್ದಾನೆ. ಕೆಳಗೆ ದಪ್ಪಕ್ಷರದಲ್ಲಿ 'ಬಡಮಕ್ಕಳ ಬಂಧು'.

ನೋಟಿಸು ಓದಿ ಸಿಡುಕಿದ. "ಮಗಳಿಗೆ ಏನೂ ಕೊಟ್ಟಿಲ್ಲ ಅಂತ ಬರ್ಸ್ಯಾಳಲ್ರಿ! ಎಲ್ಲಾ ಸುಳ್ಳು. ಸಾಕ್ಷಿ ಬೇಕೇನ್ರಿ? ಅಲ್ಲಿ ನೋಡ್ರಿ," ಎಂದು ಫ್ಲೆಕ್ಸಿನತ್ತ ಕೈ ತೋರಿಸಿದ. "ಸಾಲಿನ್ಯಾಗ ಮೂರನೇ ಹುಡುಗಿನೇ ನನ್ನ ಮಗಳು. ಎರಡು ನೋಟ್‌ಬುಕ್ ಕೊಟ್ಟೀನಿ."

"ಇಸ್ಕೊಂಡು ಮಗಳು ಏನಂದ್ಳ್ರಿ?" ಎಂದೆ.

ಮುಖ ಅರಳಿತು. "ಭಾಳ ಶಾಣ್ಯಾಕಿ ಅದಾಳ್ರಿ. 'ಥ್ಯಾಂಕ್ಯೂ ಸರ್' ಅಂದ್ಳು."