ಕಿತ್ತ ಕೈಯೇ ಕಾಯುವ ಗಿಡ

ಸೂರ್ಯ ಕಡಲಿನಿಂದ ತಲೆಯೆತ್ತುವ ಮೊದಲೇ ದೀಪದಕ್ಕ ಇಳಿಜಾರಿನಲ್ಲಿ ಮಂಡಿಯೂರಿರುತ್ತಾರೆ. ಹಲ್ಲಲ್ಲಿ ಕಚ್ಚಿದ ದಾರದ ತುಂಡು, ಸೊಂಟದಲ್ಲಿ ಹಳೆಯ ಸೊಳ್ಳೆಪರದೆ ಕತ್ತರಿಸಿ ಹೊಲಿದ, ಹೆಬ್ಬೆರಳಷ್ಟೇ ಉದ್ದದ ಚೀಲಗಳು. ಬೂದುಬಣ್ಣದ ಕುಳ್ಳು ಗಿಡದ ಒಂದೊಂದು ಕಾಯಿಗೂ ಒಂದೊಂದು ಚೀಲ ತೊಡಿಸಿ ಕಟ್ಟುತ್ತಾರೆ. ಬಿಸಿಲು ತಾಗಿತೋ, ಕಾಯಿ ಸಿಡಿದು ಬೀಜ ಕಡಲಪಾಲು.

"ನನ್ನ ಮಗಳಿಗೂ ಇಷ್ಟು ಮುತುವರ್ಜಿಯಿಂದ ಕುಲಾವಿ ಕಟ್ಟಿರ್ಲಿಲ್ಲ," ಎನ್ನುತ್ತಾರೆ, ದಾರ ಕಚ್ಚಿಕೊಂಡೇ.

ಈ ದ್ವೀಪ ಬಿಟ್ಟರೆ ಆ ಗಿಡ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ದ್ವೀಪದ ದಡವೆಲ್ಲ ಹೋಟೆಲು, ರಸ್ತೆಗಳ ಪಾಲಾಗಿ ಈಗ ತಾನಾಗಿ ಹುಟ್ಟಿ ಉಳಿದಿರುವುದು ಮೂವತ್ತೊಂದು ಗಿಡ, ಅಷ್ಟೂ ಈ ಇಳಿಜಾರಿನಲ್ಲೇ. ಬರುವ ತಿಂಗಳು ವಾಹನ ನಿಲ್ಲಿಸಲೆಂದು ಇದನ್ನೂ ಸಮತಟ್ಟು ಮಾಡುತ್ತಾರೆ. ಕಿತ್ತು ಬೇರೆಡೆ ನೆಟ್ಟರೆ ಗಿಡ ಬದುಕುವುದಿಲ್ಲ. ಬೀಜವೊಂದೇ ಗತಿ.

ಅಕ್ಕನ ಕೆಲಸ ದೀಪಸ್ತಂಭದ ಆವರಣ ಗುಡಿಸುವುದು. ಹನ್ನೊಂದು ವರ್ಷ ಇದೇ ಗಿಡವನ್ನು ಕಳೆಯೆಂದು ಕಿತ್ತು ಬುಟ್ಟಿಗಟ್ಟಲೆ ಎಸೆದವರೂ ಅವರೇ. ಅಂಗಳ ಕನ್ನಡಿಯಂತಿದೆ ಎಂದು ಮೇಲಿನವರು ಬೆನ್ನು ತಟ್ಟಿದ್ದೂ ಉಂಟು. ಮೂರು ವರ್ಷದ ಹಿಂದೆ ಸಸ್ಯವಿಜ್ಞಾನಿಯೊಬ್ಬರು ದೋಣಿಯಿಂದಿಳಿದು ಫೋಟೊ ತೋರಿಸಿ, "ಇದನ್ನ ಎಲ್ಲಾದ್ರೂ ನೋಡಿದ್ದೀರಾ?" ಎಂದಾಗ ಅಕ್ಕನ ಬುಟ್ಟಿಯಲ್ಲೇ ನಾಲ್ಕಿದ್ದವು.

"ಭೂಮಿ ಬಾಯಿಬಿಡಬಾರದೇ ಅನ್ನಿಸ್ತು. ಆಯಮ್ಮ ಬೈಯಲೂ ಇಲ್ಲ. ಬೈದಿದ್ರೆ ವಾಸಿ ಇತ್ತು."

ವಿಜ್ಞಾನಿ ಮೆತ್ತನೆಯ ಗೊಬ್ಬರದ ಮಣ್ಣಿನಲ್ಲಿ ಇನ್ನೂರು ಬೀಜ ಬಿತ್ತಿ, ಹೊತ್ತುಹೊತ್ತಿಗೆ ನೀರೆರೆದರು. ಒಂದೂ ಕಣ್ಣುಬಿಡಲಿಲ್ಲ. ಅಕ್ಕ ಒಂದು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಕಿತ್ತವಳು ಯಾವ ಬಾಯಲ್ಲಿ ಬುದ್ಧಿ ಹೇಳುವುದು? ಕೊನೆಗೆ ತಡೆಯಲಾಗಲಿಲ್ಲ.

"ಮೇಡಂ, ನೀವು ಓದಿದೋರು. ಆದ್ರೆ ಕಿತ್ತವಳು ನಾನು. ಮೆತ್ತನೆ ಮಣ್ಣಲ್ಲಿ ಇದು ಒಂದಿನಾನೂ ನನ್ನ ಕೈಗೆ ಸಿಕ್ಕಿಲ್ಲ. ಮೆಟ್ಟಿಲ ಸಂದಿ, ಗೋಡೆ ಬಿರುಕು, ಒಡೆದ ಗಾರೆ, ಕೀಳೋಕೆ ಹೋದ್ರೆ ಉಗುರು ಕಿತ್ತುಬರೋ ಕಡೇನೇ ಹುಟ್ಟೋದು."

ದೀಪಸ್ತಂಭದ ಹಿಂದೆ, ಯಾವ ವಾಹನವೂ ಹತ್ತಲಾರದ ಬಂಡೆಯ ಸಂದುಗಳಿಗೆ ಇಬ್ಬರೂ ಒಡೆದ ಗಾರೆ ತುಂಬಿ, ಉಳಿದಿದ್ದ ನಲವತ್ತು ಬೀಜ ಹಾಕಿದರು. ಹದಿನಾರು ಮೊಳೆತವು. ಈ ಸಲ ಅಕ್ಕ ಆಗಲೇ ನೂರ ಹನ್ನೆರಡು ಚೀಲ ಕಟ್ಟಿದ್ದಾರೆ. "ಪರದೆ ಗಿಡಕ್ಕೆ, ಸೊಳ್ಳೆ ನನಗೆ," ಎಂದು ದೋಣಿ ನಡೆಸುವ ಗಂಡ ಗೊಣಗುತ್ತಾರೆ. ದಾರ ಕತ್ತರಿಸಿ ಕೊಡುವವರೂ ಅವರೇ.

ಎಷ್ಟು ಗಿಡವಾದರೆ ಸಾಕು? ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ಬಂಡೆಯತ್ತ ನೋಡುತ್ತಾರೆ.

"ನನ್ನ ನಂತರ ಗುಡಿಸೋಕೆ ಬರೋಳು, 'ಇದೆಂಥ ಪೀಡೆ ಕಳೆಯಪ್ಪಾ, ಕಿತ್ತಷ್ಟೂ ಬರುತ್ತೆ' ಅಂತ ಬೈಕೋಬೇಕು. ಅಷ್ಟಾದ್ರೆ ಸಾಕು."