ಕುರಿ ಕರೆಯುವ ಕೂಗು

ಕೊರೊನಾ ಕಾಟ ತಣ್ಣಗಾದ ಮಾರನೇ ವರ್ಷದ ಮಾತು. ನಮ್ಮ ಯಜಮಾನರು ಆಗಷ್ಟೇ ನಿವೃತ್ತರಾಗಿ ಒಂದು ದುರ್ಬೀನು ಕೊಂಡಿದ್ದರು. ತೋಳ ನೋಡುವ ಹುಚ್ಚು ಹಿಡಿದು, ಶ್ರೀರಂಗಪಟ್ಟಣದಿಂದ ನನ್ನನ್ನೂ ಕಟ್ಟಿಕೊಂಡು ನನ್ನ ತವರು ಬಿಂಡಿಗನವಿಲೆ ಕಡೆಯ ಕಲ್ಲುಬೆಟ್ಟಕ್ಕೆ ಹೊರಟರು. "ತೋಳ ನಿಮ್ಗೋಸ್ಕರ ಕಾಯ್ಕೊಂಡು ಕೂತಿರ್ತದಾ?" ಎಂದೆ. ಕುರಿ ಕಾಯುತ್ತಿದ್ದವರ ಮಗಳು ನಾನು. ಆದರೆ ನನ್ನ ಮಾತು ಯಾರಿಗೆ ಬೇಕು!

ಅರ್ಧ ಬೆಟ್ಟ ಹತ್ತಿದ್ದೆವು. ದುರ್ಬೀನನ್ನು ಕಣ್ಣಿಗಿಟ್ಟುಕೊಂಡೇ ಹೆಜ್ಜೆ ಇಟ್ಟರು ನೋಡಿ, ಕಾಲು ಎರಡು ಕಲ್ಲುಗಳ ಸಂದಿಗಿಳಿದು ಸಿಕ್ಕಿಕೊಂಡಿತು. ಎಳೆದಷ್ಟೂ ಬಿಗಿಯಾಯಿತು, ರಕ್ತ ಸುರಿಯತೊಡಗಿತು. ಫೋನಿಗೆ ಸಿಗ್ನಲ್ ಇಲ್ಲ. ಸಕ್ಕರೆ ಕಾಯಿಲೆಯವರು ಬೇರೆ, ಮೈಯೆಲ್ಲ ಬೆವತು ಮಾತು ತೊದಲಿತು. ಚೀಲದಲ್ಲಿದ್ದ ಬೆಲ್ಲದ ಚೂರನ್ನು ಬಾಯಿಗಿಟ್ಟೆ. "ಯಾರಾದ್ರೂ ಬನ್ರಪ್ಪೋ" ಎಂದು ಗಂಟಲು ಹರಿಯುವಂತೆ ಕೂಗಿದೆ. ಒಬ್ಬರೂ ಬರಲಿಲ್ಲ. ಅಳು ಬಂತು, ನುಂಗಿಕೊಂಡೆ. ಏನೇ ಆಗಲಿ, ಇವರನ್ನು ಒಂಟಿಯಾಗಿ ಬಿಟ್ಟು ಇಳಿಯುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಆಗ ಕೆಳಗೆಲ್ಲೋ ಕುರಿಯೊಂದು ಅರಚಿತು.

ನಮ್ಮಪ್ಪ ಕುರಿ ಕರೆಯುತ್ತಿದ್ದ ಕೂಗು ನನಗೆ ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ಹಿತ್ತಿಲಲ್ಲಿ ತಮಾಷೆಗೆ ಒಮ್ಮೆ ಕೂಗಿದ್ದೆ. "ಅಕ್ಕಪಕ್ಕದವ್ರು ಏನಂದ್ಕೋತಾರೆ? ಇನ್ಮೇಲೆ ಅಂಗೆಲ್ಲ ಕೂಗ್ಬೇಡ ಕಣೆ" ಎಂದಿದ್ದರು ಇದೇ ಯಜಮಾನರು. ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅವತ್ತು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಂಡೆ ಹತ್ತಿ ನಿಂತು, ನಾಲಿಗೆ ಹೊರಳಿಸಿ "ಟ್ರುರ್ರ್... ಹೋ!" ಎಂದೆ. ಮೊದಲ ಸಲ ಬರೀ ಗಾಳಿ ಬಂತು. ಬಿಡಲಿಲ್ಲ. ನಾಲ್ಕನೇ ಸಲಕ್ಕೆ ಅಪ್ಪನ ಕೂಗೇ ಬಂತು.

ಪೊದೆ ಸೀಳಿಕೊಂಡು ಕುರಿಗಳು ಬಂದವು. ಹಿಂದೆಯೇ ದೊಣ್ಣೆ ಎತ್ತಿಕೊಂಡು ಕುರಿ ಕಾಯುವ ಅಜ್ಜ. "ಯಾವನ್ಲಾ ಅವ್ನು, ನನ್ ಕುರಿ ಕದಿಯಾಕ್ ಬಂದಿರೋನು!"

ನಮ್ಮನ್ನು ಕಂಡು ದೊಣ್ಣೆ ಇಳಿಸಿದ. ಅದೇ ದೊಣ್ಣೆಯನ್ನು ಸಂದಿಗೆ ತೂರಿಸಿ ಕಲ್ಲು ಮೀಟಿದ. ಕಾಲು ಹೊರಗೆ ಬಂತು.

"ಆಗ್ಲಿಂದ ಕೂಗ್ತಿದ್ನಲ್ಲ ತಾತ, ಕೇಳಿಸ್ಲಿಲ್ವಾ?" ಎಂದೆ.

"ಕೇಳಿಸ್ತು ಕಣವ್ವ. ಬೆಟ್ಟಕ್ ಬಂದೋರೆಲ್ಲ ಅರಚ್ತಾನೇ ಇರ್ತಾರೆ, ಅದ್ಕೆಲ್ಲ ಯಾರ್ ಕಿವಿ ಕೊಡ್ತಾರೆ? ಕುರಿ ಎದ್ದು ಒಂಟೋದ್ವಲ್ಲ, ಅದ್ಕೆ ಓಡ್ಬಂದೆ. ಈ ಕೂಗು ನಿಂಗ್ಯಾರವ್ವ ಕಲ್ಸಿದ್ದು?"

"ನಮ್ಮಪ್ಪ" ಎಂದೆ. ಅದುವರೆಗೆ ತಡೆದುಕೊಂಡಿದ್ದ ಅಳು ಆಗ ಬಂದುಬಿಟ್ಟಿತು.

ಇಬ್ಬರೂ ಹೆಗಲು ಕೊಟ್ಟು ಅವರನ್ನು ಕೆಳಗಿಳಿಸಿದೆವು. ಕಾಲಿಗೆ ಎಂಟು ಹೊಲಿಗೆ ಬಿದ್ದವು. ತೋಳದ ಬಾಲವೂ ಕಾಣಲಿಲ್ಲ. ಅಪ್ಪ ಕೊಟ್ಟ ಕೂಗಿಗೆ ಅಷ್ಟು ವರ್ಷ ನಾಚಿಕೊಂಡಿದ್ದೆನಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ಈಗ ಊಟಕ್ಕೆ ಕರೆಯುವಾಗ ಹಿತ್ತಿಲಲ್ಲಿ ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳಿಸುವಂತೆ ಅದೇ ಕೂಗು ಹಾಕುತ್ತೇನೆ. ಯಜಮಾನರು ದುರ್ಬೀನು ಕೆಳಗಿಟ್ಟು ಎದ್ದು ಬರುತ್ತಾರೆ.