ಕಾಲರ್ ಅಕ್ಕನ ಕೈ

ನಮ್ಮ ಹೊಲಿಗೆ ಅಂಗಡಿಯಲ್ಲಿ ಅವಳಿಗೆ ಕಾಲರ್ ಅಕ್ಕ ಎಂದೇ ಹೆಸರು. ನನ್ನ ತಂಗಿಯ ಮಗಳು. ಅವಳ ಗಂಡ ಬಟ್ಟೆ ಕತ್ತರಿಸುತ್ತಾನೆ, ನಾನು ಇಸ್ತ್ರಿ ಹಾಕುತ್ತೇನೆ, ಕಾಲರ್ ಮಾತ್ರ ಅವಳದು. ಅಂಗಿ ಹೊಲಿಯುವವರು ಬೀದಿಗೊಬ್ಬರಿದ್ದಾರೆ. ಹೊಲಿದ ಕಾಲರನ್ನು ಒಳಗಿನಿಂದ ಹೊರಗೆ ತಿರುವಿ, ಎರಡೂ ಮೂಲೆಗಳನ್ನು ಗಿಳಿಮೂಗಿನಂತೆ ಚೂಪಾಗಿ ನಿಲ್ಲಿಸುವವರು ಎಲ್ಲಿದ್ದಾರೆ? ಬೇರೆಯವರು ಕಡ್ಡಿ ತೂರಿಸಿ ಬಟ್ಟೆ ತೂತು ಮಾಡುತ್ತಾರೆ. ಅವಳು ಹೆಬ್ಬೆರಳನ್ನು ಒಳಗಿಟ್ಟು, ತೋರುಬೆರಳಿನಿಂದ ಒತ್ತಿ ಒಮ್ಮೆ ತಿರುವಿದರೆ ಸಾಕು, ಮೂಲೆ ತಾನಾಗಿ ಎದ್ದು ಕೂರುತ್ತಿತ್ತು.

ಆ ಬೆರಳುಗಳಿಗೇ ಸಂಧಿವಾತ ಅಂಟಿಕೊಂಡಿತು. ಈ ರೋಗದ ಬುದ್ಧಿಯೇ ವಿಚಿತ್ರ. ಬೆಳಿಗ್ಗೆ ಕೈ ಕೊರಡು, ಹೊತ್ತೇರಿದಂತೆ ಸಡಿಲ. ಬೆಳಿಗ್ಗೆ ಅವಳ ತಲೆ ಬಾಚುವುದು ಗಂಡ, ಮಧ್ಯಾಹ್ನ ಅದೇ ಕೈ ಕಾಲರ್ ತಿರುವುತ್ತಿತ್ತು. ಮಾತ್ರೆ ತಪ್ಪಿಸದಿದ್ದರೆ ಹೀಗೇ ನಡೆದುಕೊಂಡು ಹೋಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ನಡೆದುಕೊಂಡೂ ಹೋಗುತ್ತಿತ್ತು.

ತನ್ನ ಕೆಲಸವನ್ನು ವಿಡಿಯೋ ಮಾಡಿ ಫೋನಿನಲ್ಲಿ ಹಾಕುತ್ತಿದ್ದಳು. ಎಷ್ಟೋ ಜನ ನೋಡಿ ಕಲಿತರು. ಒಂದು ದಿನ ಮಾತಿನ ಮಧ್ಯೆ, "ಬೆಳಿಗ್ಗೆ ನನ್ನ ತಲೆ ನಮ್ಮನೆಯವರೇ ಬಾಚೋದು, ಬೆರಳು ಮಡಚೋದೇ ಇಲ್ಲ" ಎಂದುಬಿಟ್ಟಳು. ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. "ಬಾಚಣಿಗೆ ಹಿಡಿಯಕ್ಕಾಗಲ್ವಂತೆ, ಕಾಲರ್ ತಿರುವಕ್ಕಾಗುತ್ತಂತೆ! ಎಂಥಾ ನಾಟಕ!" ಎಂದು ಯಾವನೋ ಬರೆದ. ಒಂದು ನಾಯಿ ಬೊಗಳಿದರೆ ಕೇರಿಯೆಲ್ಲ ಬೊಗಳುತ್ತದೆ. 'ನಾಟಕದ ಕೈ' ಎಂದು ಹೆಸರಿಟ್ಟರು. ಗಂಡನನ್ನು ಆಳು ಮಾಡಿಕೊಂಡವಳು ಎಂದರು. ಇನ್ನೂ ಏನೇನೋ, ಇಲ್ಲಿ ಬರೆಯಬಾರದ್ದು.

ಅವಳು ಒಂದೊಂದಕ್ಕೂ ಉತ್ತರ ಕೊಡಲು ಕೂತಳು. ಊಟ ಸೇರದು, ನಿದ್ದೆ ಹತ್ತದು. ಫೋನು ಟಿಣ್ ಎಂದರೆ ಭುಜ ಕಿವಿಯವರೆಗೆ ಏರುತ್ತಿತ್ತು. ಬೆರಳಿನಲ್ಲಿದ್ದ ನೋವು ಮಣಿಕಟ್ಟು ದಾಟಿ ಮೊಣಕೈಗೆ ಬಂತು.

"ಅದನ್ನ ಆ ಕಡೆ ಬಿಸಾಕೇ ತಾಯಿ," ಎಂದೆ. "ನಾಯಿ ಬೊಗಳಿದ್ರೆ ದೇವಲೋಕ ಹಾಳಾಗುತ್ತಾ?"

"ದೇವಲೋಕ ಹಾಳಾಗಲ್ಲ ಮಾವ, ನನ್ನ ನಿದ್ದೆ ಹಾಳಾಗುತ್ತೆ. ನನ್ನನ್ನ ಸುಳ್ಳಿ ಅಂತಾರಲ್ಲ!"

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೇ?"

"ಬೇಕಂತೆ. ತೋರಿಸು, ತೋರಿಸು ಅಂತಿದಾರೆ."

ಮೈಯೆಲ್ಲ ಉರಿದುಹೋಯಿತು. ಬೀದಿಯಲ್ಲಿ ನಿಂತು ಬೈದವನಾದರೆ ಅವನ ಬಾಗಿಲಿಗೆ ಹೋಗಿ ಕೊರಳಪಟ್ಟಿ ಹಿಡಿದು ಕೇಳಬಹುದು. ಇವರಿಗೆ ಬಾಗಿಲೂ ಇಲ್ಲ, ಕೊರಳೂ ಇಲ್ಲ. ಬರೀ ಬಾಯಿ.

ಆಮೇಲೊಂದು ದಿನ ಅವಳು ಕೈ ತೋರಿಸುವ ವಿಡಿಯೋ ಹಾಕಿದಳು. ಬೆರಳುಗಳು ಗೆಣಸಿನಂತೆ ಊದಿದ್ದವು. ಚಿಂತೆಯಿಂದ ಹೀಗಾಯಿತು ಎಂದೇ ನಾವು ತಿಳಿದೆವು. ನೋಡಿದವರು ಏನೆಂದರು? ಜೇನು ಕಚ್ಚಿಸಿಕೊಂಡಿದ್ದಾಳೆ ಎಂದ ಒಬ್ಬ. "ನಮ್ಮಜ್ಜಿ ಕೈ ಇದಕ್ಕಿಂತ ಊದಿತ್ತು, ಒಂದಿನಾನೂ ಅಳಲಿಲ್ಲ" ಎಂದಳು ಒಬ್ಬಳು.

ಅದೇ ವಾರ ಅವಳ ಗಂಡ ಬಿಳಿ ಗುಂಡಿ ಹುಡುಕಲು ಹಳೆಯ ಡಬ್ಬಿಯನ್ನು ಮೇಜಿನ ಮೇಲೆ ಸುರಿದ. ಸುರಿದವನು ಹಾಗೇ ನಿಂತ.

"ಇದೇನೇ ಇದು, ಗುಂಡಿ ಡಬ್ಬೀಲಿ ತೂತಿಲ್ಲದ ಗುಂಡಿ?"

ಮಾತ್ರೆಗಳು. ಅವನ ಎದುರು ಬಾಯಿಗೆ ಹಾಕಿಕೊಂಡು, ಅವನು ಆಚೆ ತಿರುಗಿದೊಡನೆ ತೆಗೆದು ಡಬ್ಬಿಗೆ ಹಾಕುತ್ತಿದ್ದಳಂತೆ.

"ಮಾತ್ರೆ ತಗೊಂಡ್ರೆ ಊತ ಕಾಣಲ್ಲ ರೀ," ಎಂದಳು ತಲೆ ತಗ್ಗಿಸಿ. "ಕಂಡ್ರೆ ತಾನೇ ನಂಬೋದು?"

"ನಂಬಿದ್ರಾ?"

ಅವನು ಒಂದೊಂದೇ ಮಾತ್ರೆಯನ್ನು ಗುಂಡಿಗಳಿಂದ ಬೇರೆ ಮಾಡುತ್ತ ಕೂತ. ಬೈಯಲು ನಾನು ಬಾಯಿ ತೆರೆದವನು ಮುಚ್ಚಿಕೊಂಡೆ. ಅವಳಿಗೆ ಬೈಯುವವರಿಗೇನು ಬರವೇ?

"ರೋಗ ಬೇರೆ, ಆ ಮಾತುಗಳು ಬೇರೆ ಅಂದ್ಕೋಬೇಡಿ," ಎಂದರು ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ. "ಎರಡೂ ಇಳಿಯೋದು ಒಂದೇ ಮೈಗೆ. ಮಾತ್ರೆ ಬಿಡದಿದ್ರೂ ಇವರಿಗೆ ನೋವು ಜಾಸ್ತಿ ಆಗ್ತಿತ್ತು. ಬಿಟ್ಟಿದ್ದು ಬೆಂಕಿಗೆ ತುಪ್ಪ."

ಮತ್ತೆ ಮಾತ್ರೆ ಶುರುವಾಯಿತು. ಊತ ಇಳಿಯಿತು, ಬೇರೆ ಬೆರಳುಗಳು ದಾರಿಗೆ ಬಂದವು. ಬಲಗೈ ಹೆಬ್ಬೆರಳು ಮಾತ್ರ ಮಡಚುವುದಿಲ್ಲ. ಒಳಗೆ ಕೀಲು ಸವೆದಿದೆಯಂತೆ, ಸವೆದದ್ದು ತಿರುಗಿ ಬರುವುದಿಲ್ಲವಂತೆ. ವಿಡಿಯೋಗಳನ್ನೆಲ್ಲ ಅವಳೇ ಅಳಿಸಿಹಾಕಿದಳು. ಬೈದವರು ಇಷ್ಟು ಹೊತ್ತಿಗೆ ಇನ್ನೊಬ್ಬರ ಮನೆ ಮುಂದೆ ಬೊಗಳುತ್ತಿರುತ್ತಾರೆ. ಇವಳ ಹೆಬ್ಬೆರಳು ಅವರಿಗೆ ನೆನಪೂ ಇರಲಾರದು.

ಈಗ ಗಂಡ ಕಡ್ಡಿ ಹಿಡಿದು ಕಾಲರ್ ತಿರುವುತ್ತಾನೆ, ಇವಳು ಪಕ್ಕದಲ್ಲಿ ಕೂತು ಜೀವ ತಿನ್ನುತ್ತಾಳೆ.

"ಅದು ಮೂಲೆಯೇನ್ರೀ? ಎಮ್ಮೆ ಮೂತಿ! ಬಿಚ್ಚಿ, ಬಿಚ್ಚಿ."

ಅವನು ಬಿಚ್ಚುತ್ತಾನೆ. ಎರಡನೆಯದೂ ಎಮ್ಮೆ ಮೂತಿಯೇ.

ನಿನ್ನೆ ಹಳೆಯ ಗಿರಾಕಿಯೊಬ್ಬರು ಹೊಲಿಯಲು ಕೊಟ್ಟಿದ್ದ ಅಂಗಿ ಒಯ್ಯಲು ಬಂದು, ಕಾಲರಿನ ಮೇಲೆ ಬೆರಳಾಡಿಸಿ, "ಈ ಮೂಲೆ ಯಾಕೋ ಮೊಂಡಾಗಿದೆ. ಕಾಲರ್ ಅಕ್ಕ ಹುಷಾರಾಗಿದಾರೆ ತಾನೇ?" ಎಂದು ಅಕ್ಕರೆಯಿಂದ ಕೇಳಿದರು. ಗುರುತುಪರಿಚಯವಿಲ್ಲದ ಜನಕ್ಕೆಲ್ಲ ತೋರಿಸಿದ ಕೈಯನ್ನು ಅವಳು ಮೆಲ್ಲಗೆ ಬಟ್ಟೆಯ ಕೆಳಗೆ ಸರಿಸಿದಳು.

"ಇಸ್ತ್ರಿ ಸರಿಯಾಗಿ ಬಿದ್ದಿಲ್ಲ, ಇಲ್ಲಿ ಕೊಡಿ," ಎಂದು ನಾನು ಅಂಗಿ ಇಸಿದುಕೊಂಡೆ. ಎಷ್ಟು ಒತ್ತಿದರೂ ಮೊಂಡು ಮೂಲೆ ಚೂಪಾಗುವುದಿಲ್ಲ. ನನಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಒತ್ತಿದೆ.